ಮನೆಗೆ ಫೋನ್ ಮಾಡದ ಆಫೀಸು

ಅಮೆರಿಕದ ಆ್ಯನ್ ಆರ್ಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಯೂನಿಯನ್ ಕಟ್ಟಡದ ಮೆಟ್ಟಿಲ ಹತ್ತಿರ ಲೋಹದ ಒಂದು ಬಿಲ್ಲೆ ಕೂರಿಸಿದ್ದಾರೆ. 1960ರ ಅಕ್ಟೋಬರ್‌ನಲ್ಲಿ, ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಕೆನಡಿ ರಾತ್ರಿ 2 ಗಂಟೆಗೆ ಅಲ್ಲಿ ನಿಂತು ವಿದ್ಯಾರ್ಥಿಗಳ ಜೊತೆ ಮಾತಾಡಿದ್ದರು. ಊರಿಂದ ಯಾರೇ ಬರಲಿ, ನಾನು ಆ ಬಿಲ್ಲೆ ತೋರಿಸುತ್ತೇನೆ. ಅವರೂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ನಡೆದಿದೆ. ಅದೇ ಕಟ್ಟಡದ ಮೂರನೇ ಮಹಡಿಗೆ ಮಾತ್ರ ಯಾರನ್ನೂ ಕರೆದುಕೊಂಡು ಹೋಗಿರಲಿಲ್ಲ. ಅಲ್ಲಿರುವುದು ಸ್ಪೆಕ್ಟ್ರಮ್ ಸೆಂಟರ್, ಎಲ್‌ಜಿಬಿಟಿ, ಅಂದರೆ ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಮುಂತಾದ ವಿದ್ಯಾರ್ಥಿಗಳಿಗಾಗಿ ಇರುವ ಆಫೀಸು.

ನಾನು ಆ ಮಹಡಿ ಹತ್ತಿದ್ದು ಒಬ್ಬ ಹುಡುಗನಿಂದ. ಹಳೇ ಮೈಸೂರು ಕಡೆಯವನು, ಎಂ.ಎಸ್. ಓದಲು ಬಂದವನು. ಅವನು ಓದಿದ್ದು ಆ್ಯನ್ ಆರ್ಬರ್‌ನಲ್ಲಲ್ಲ, ಬೇರೆ ಕಡೆ. ಹೊಸದಾಗಿ ಬರುವ ಹುಡುಗರನ್ನು ಏರ್‌ಪೋರ್ಟಿನಿಂದ ಕರೆತಂದು, ರೂಮ್ ಸಿಗುವವರೆಗೆ ಮನೆಯಲ್ಲಿ ಇಟ್ಟುಕೊಳ್ಳುವುದು ನಮ್ಮ ಕನ್ನಡದವರಲ್ಲಿ ರೂಢಿ. ಹಾಗೆ ಎರಡು ವಾರ ನಮ್ಮ ಬೇಸ್‌ಮೆಂಟಿನಲ್ಲಿ ಇದ್ದ. ಆಮೇಲೂ ಶನಿವಾರ ಊಟಕ್ಕೆ ಬರುತ್ತಿದ್ದ. ಒಂದು ದಿನ ಸಿಂಕಿನ ಮುಂದೆ ಪಾತ್ರೆ ಉಜ್ಜುತ್ತಾ, ನನ್ನ ಕಡೆ ತಿರುಗದೆ, "ಅಂಕಲ್, ನಂಗೆ ಹುಡುಗೀರ ಮೇಲೆ ಹಂಗೆಲ್ಲ ಮನಸ್ಸಿಲ್ಲ. ಯಾವತ್ತೂ ಇರ್ಲಿಲ್ಲ" ಅಂದ. ನಲ್ಲಿ ನಿಲ್ಲಿಸಲಿಲ್ಲ. ನೀರಿನ ಸದ್ದಿನಲ್ಲಿ ನನಗೆ ಕೇಳಿಸದೇ ಹೋದರೂ ಒಳ್ಳೆಯದೇ ಅಂತ ಇರಬೇಕು.

ಕೇಳಿಸಿತು. ಏನು ಹೇಳಬೇಕು ಅಂತ ಹೊಳೆಯಲಿಲ್ಲ. "ಸರಿ, ಆ ಕುಕ್ಕರ್ ನೆನೀಲಿ ಬಿಡು, ಆಮೇಲೆ ತೊಳೆದ್ರಾಯ್ತು" ಅಂದೆ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಆ ರಾತ್ರಿ ನನಗೆ ನೆನಪಾದದ್ದು ಅಮೆರಿಕ ಅಲ್ಲ, ಮಲೆನಾಡಿನ ನಮ್ಮ ಕಾಲೇಜು ಹಾಸ್ಟೆಲ್. 90ರ ದಶಕ. ನಮ್ಮ ಸಾಲಿನಲ್ಲಿ ಒಬ್ಬ ಹುಡುಗ ಇದ್ದ. ಚೆನ್ನಾಗಿ ಹಾಡುತ್ತಿದ್ದ, ನಡೆಯುವಾಗ ಕೈ ಸ್ವಲ್ಪ ಬೀಸುತ್ತಿದ್ದ, ಅಷ್ಟೇ. ಹೆಣ್ಣಿಗ, ಒಂಬತ್ತು, ಇನ್ನೂ ಏನೇನೋ ಹೆಸರು ಇಟ್ಟಿದ್ದೆವು. 'ಇಟ್ಟಿದ್ದರು' ಅಂತ ಬರೆಯಲು ಹೊರಟಿದ್ದೆ, ಆದರೆ ನಾನೂ ಇದ್ದೆ. ಯಾರೋ ಅವನ ಟ್ರಂಕಿನಿಂದ ಒಂದು ಕಾಗದ ತೆಗೆದು ವಾರ್ಡನ್‌ಗೆ ಕೊಟ್ಟರು. ವಾರ್ಡನ್ ಮಾಡಿದ ಮೊದಲ ಕೆಲಸ, ಅವನ ಮನೆಗೆ ಫೋನ್. ಮನೆಯಲ್ಲಿ ಫೋನ್ ಇರಲಿಲ್ಲ. ಪಕ್ಕದ ಕಿರಾಣಿ ಅಂಗಡಿಗೆ ಮಾಡಿ, ಅಪ್ಪನನ್ನು ಕರೆಸಿ, ಅಂಗಡಿಯವರ ಎದುರಿಗೇ ವಿಷಯ ಮುಟ್ಟಿಸಿದರು. ಮಾರನೇ ದಿನ ಅಪ್ಪ ಬಂದರು. ಹಾಸಿಗೆ ಸುತ್ತಿ, ಮಗನನ್ನು ಬಸ್ಸಿಗೆ ಹತ್ತಿಸಿಕೊಂಡು ಹೋದರು. ಪರೀಕ್ಷೆಗೆ ಒಂದು ತಿಂಗಳಿತ್ತು. ಅವನು ಪರೀಕ್ಷೆಗೂ ಬರಲಿಲ್ಲ.

ಇಲ್ಲಿಯದಕ್ಕೂ ಅಲ್ಲಿಯದಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ಹೆಚ್ಚಿನವರು ಕಾಮನಬಿಲ್ಲಿನ ಬಾವುಟ, ಮೆರವಣಿಗೆ, ಮದುವೆ ಕಾನೂನು ಅಂತ ಹೇಳುತ್ತಾರೆ. ನನ್ನ ಪ್ರಕಾರ ಮುಖ್ಯವಾದ ವ್ಯತ್ಯಾಸ ಆ ಫೋನ್ ಕರೆ. ಇಲ್ಲಿ 1974ರಿಂದ ಫರ್ಪಾ ಅಂತ ಒಂದು ಕಾನೂನಿದೆ. ಕಾಲೇಜು ಸೇರಿದ ಮೇಲೆ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದು. ಅವನು ಒಪ್ಪದೆ ಅಪ್ಪ ಅಮ್ಮನಿಗೂ ಸಾಮಾನ್ಯವಾಗಿ ಕೊಡುವ ಹಾಗಿಲ್ಲ. ಫೀಸು ಕಟ್ಟುವ ಅಪ್ಪನಿಗೇ ಮಗಳ ಮಾರ್ಕ್ಸ್ ತೋರಿಸಲ್ಲ ಅಂದಾಗ ನನಗೂ ಸಿಟ್ಟು ಬಂದಿತ್ತು, ಅದು ಬೇರೆ ಕಥೆ. ಕೌನ್ಸೆಲರ್ ಹತ್ತಿರ ಹೇಳಿಕೊಂಡದ್ದಂತೂ, ಜೀವಕ್ಕೆ ಅಪಾಯ ಅನ್ನುವಂಥ ಸಂದರ್ಭ ಬಿಟ್ಟರೆ, ಆ ಕೋಣೆ ದಾಟುವುದಿಲ್ಲ.

ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. ನಮ್ಮ ಹುಡುಗ ತನ್ನ ವಿಶ್ವವಿದ್ಯಾಲಯದ ಕೌನ್ಸೆಲರ್ ಹತ್ತಿರ ಮೂರು ಸಲ ಹೋದ. ಮೂರು ಸಲವೂ ಒಂದೇ ಪ್ರಶ್ನೆ: ಮನೆಯಲ್ಲಿ ಹೇಳಿದ್ದೀಯಾ? ಯಾವಾಗ ಹೇಳ್ತೀಯ? ಕೊನೆಗೆ, ಅವರಿಂದ ನಿನಗೆ ನೋವಾಗುವುದಾದರೆ ಸ್ವಲ್ಪ ದೂರ ಇರು ಅಂತ ಸಲಹೆ. ನಮ್ಮ ಮನೆಗೆ ಬಂದು ಹೇಳಿಕೊಂಡು ನಕ್ಕ. "ದೂರ ಇರು ಅಂತಾರೆ ಅಂಕಲ್. 8 ಸಾವಿರ ಮೈಲಿ ದೂರ ಇದೀನಿ, ಇನ್ನೆಷ್ಟು ದೂರ ಹೋಗ್ಲಿ?" ಅವನಿಗೆ ಬೇಕಾಗಿದ್ದದ್ದು ಬೇರೆ. ಪ್ರತಿ ಭಾನುವಾರ ಅಮ್ಮ ವಾಟ್ಸಾಪಿನಲ್ಲಿ ಜಾತಕ ಕಳಿಸುತ್ತಿದ್ದರು. ಅದಕ್ಕೆ ಏನಂತ ಉತ್ತರ ಕೊಡುವುದು? ಅಕ್ಕನ ಮದುವೆ ಆಗುವವರೆಗೆ ಸುಮ್ಮನಿರಬೇಕಾ? ಈ ಲೆಕ್ಕಾಚಾರ ಆ ಕೌನ್ಸೆಲರ್‌ಗೆ ಗೊತ್ತಿರಲಿಲ್ಲ. ಇಲ್ಲಿನ ವ್ಯವಸ್ಥೆ ಒಬ್ಬ ಮನುಷ್ಯನನ್ನು ಒಂಟಿಯಾಗಿ ನಿಲ್ಲಿಸಿ ಮಾತಾಡಿಸುತ್ತದೆ. ನಮ್ಮವರು ಬರುವುದೇ ಅಮ್ಮ, ಅಕ್ಕ, ಚಿಕ್ಕಪ್ಪ, ಬೀದಿಯವರು ಎಲ್ಲರನ್ನೂ ಬೆನ್ನಿಗೆ ಕಟ್ಟಿಕೊಂಡು.

ಆಮೇಲೆ ಒಂದು ಮಧ್ಯಾಹ್ನ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಆ್ಯನ್ ಆರ್ಬರ್‌ಗೆ ಹೋದೆ. ಸುಮ್ನೆ ನೋಡಿಕೊಂಡು ಬರೋಣ ಅಂತ. ಮೂರನೇ ಮಹಡಿಯ ಆ ಜಾಗದಲ್ಲಿ ನೋಡುವಂಥದ್ದು ಏನೂ ಇಲ್ಲ. ಸೋಫಾ, ಪುಸ್ತಕದ ಕಪಾಟು. ಒಬ್ಬಳು ಹುಡುಗಿ ಶೂ ಬಿಚ್ಚಿ ಕಾಲು ಮಡಿಸಿ ಕೂತು ಹೋಂವರ್ಕ್ ಮಾಡುತ್ತಿದ್ದಳು. ಒಂದು ಬಟ್ಟಲಿನಲ್ಲಿ ಅಂಗಿಗೆ ಚುಚ್ಚಿಕೊಳ್ಳುವ ಬಿಲ್ಲೆಗಳು: ನನ್ನನ್ನು 'ಅವನು' ಅನ್ನಿ, 'ಅವಳು' ಅನ್ನಿ, 'ಅವರು' ಅನ್ನಿ. ಇಂಗ್ಲಿಷಿನವರು ಈ ಮೂರನೆಯದಕ್ಕೆ ಎಷ್ಟು ಒದ್ದಾಡುತ್ತಾರೆ! ನಮಗೆ ಅದು ಅಜ್ಜಿ ಕಾಲದಿಂದ ಇದೆ. ಮೇಷ್ಟ್ರು ಗಂಡೋ ಹೆಣ್ಣೋ ಹೇಳದೆಯೇ 'ಅವರು ಬಂದರು' ಅಂತ ಇಡೀ ದಿನ ಮಾತಾಡಬಹುದು. 'ನಾನು ಬಂದೆ' ಅನ್ನುವಾಗ ಹಿಂದಿಯವರ ಹಾಗೆ ಗಂಡು ಹೆಣ್ಣು ಬೇರೆ ಮಾಡಬೇಕಿಲ್ಲ. ನಮಗೆ ಕೊರತೆ ಇರುವುದು ಇನ್ನೊಂದು ಕಡೆ. ಪೇಪರಿನವರು 'ಸಲಿಂಗಕಾಮಿ' ಅಂತ ಬರೆಯುತ್ತಾರೆ. ಪದದ ಹೊಟ್ಟೆಯಲ್ಲೇ ಕಾಮ ಕೂತಿದೆ. ಅಮ್ಮನ ಮುಂದೆ ಅದು ಬಾಯಿಂದ ಹೊರಡುತ್ತಾ? ಸರ್ಕಾರದ 'ಲೈಂಗಿಕ ಅಲ್ಪಸಂಖ್ಯಾತರು' ಅಂದರೆ ಸುತ್ತೋಲೆ ಓದಿದ ಹಾಗೆ. ಅದಕ್ಕೇ ನಮ್ಮ ಹುಡುಗ ನಲ್ಲಿ ಬಿಟ್ಟುಕೊಂಡು 'ಹಂಗೆಲ್ಲ ಮನಸ್ಸಿಲ್ಲ' ಅಂದದ್ದು.

ಆ ಆಫೀಸು ಶುರುವಾದದ್ದು 1971ರಲ್ಲಿ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಂಥದ್ದು ಅದೇ ಮೊದಲು. ಜಿಮ್ ಟಾಯ್ ಮತ್ತು ಸಿಂಡಿ ಗೇರ್ ಎಂಬ ಇಬ್ಬರಿಗೆ ಅರೆಕಾಲಿಕ ಕೆಲಸ ಕೊಟ್ಟು ಕೂರಿಸಿದರು. ಟಾಯ್ ಅದಕ್ಕೂ ಒಂದು ವರ್ಷ ಮುಂಚೆ ಡೆಟ್ರಾಯ್ಟಿನ ಯುದ್ಧವಿರೋಧಿ ಸಭೆಯೊಂದರಲ್ಲಿ ಮೈಕಿನ ಮುಂದೆ ತನ್ನ ವಿಷಯ ಹೇಳಿಕೊಂಡವರು. ಗಮನಿಸಬೇಕಾದ್ದು ಏನೆಂದರೆ, ಆಗ ಮಿಷಿಗನ್ನಿನಲ್ಲಿ ಗಂಡು ಗಂಡಿನ, ಹೆಣ್ಣು ಹೆಣ್ಣಿನ ಸಂಬಂಧ ಕಾನೂನಿನ ಲೆಕ್ಕದಲ್ಲಿ ಅಪರಾಧ. ಅಂಥ ಕಾನೂನುಗಳನ್ನು ಇಲ್ಲಿನ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2003ರಲ್ಲಿ. ಅಂದರೆ ಕಾನೂನು ಬದಲಾಗುವುದಕ್ಕೆ 32 ವರ್ಷ ಮೊದಲೇ ವಿಶ್ವವಿದ್ಯಾಲಯ ಇಬ್ಬರಿಗೆ ಸಂಬಳ ಕೊಟ್ಟು ಕುರ್ಚಿ ಹಾಕಿತ್ತು. ನಮ್ಮಲ್ಲಿ ಅಂಥದ್ದೇ ಕಾನೂನಾದ 377ನೇ ಸೆಕ್ಷನ್ ಬಿದ್ದದ್ದು 2018ರ ಸೆಪ್ಟೆಂಬರ್ 6ರಂದು. ಕುರ್ಚಿ ಎಷ್ಟು ಕಾಲೇಜಿನಲ್ಲಿದೆ?

ಸ್ಪೆಕ್ಟ್ರಮ್ ಸೆಂಟರಿನ ಇನ್ನೊಂದು ಸಂಗತಿ ನನ್ನ ಹೆಂಡತಿಗೆ ಬಹಳ ಹಿಡಿಸಿತು. ಆ ಆಫೀಸಿನ ನಿರ್ದೇಶಕಿಯಾಗಿದ್ದ ರಾನಿ ಸ್ಯಾನ್ಲೋ ಅವರನ್ನು ಸ್ವಂತ ಮಕ್ಕಳ ಪದವಿ ಸಮಾರಂಭಕ್ಕೇ ಸೇರಿಸಿರಲಿಲ್ಲ, ಅವರು ಲೆಸ್ಬಿಯನ್ ಅನ್ನುವ ಕಾರಣಕ್ಕೆ. ಅವರು 1995ರಲ್ಲಿ ಈ ವಿದ್ಯಾರ್ಥಿಗಳಿಗಾಗಿಯೇ 'ಲ್ಯಾವೆಂಡರ್ ಗ್ರ್ಯಾಜುಯೇಶನ್' ಅಂತ ಒಂದು ಸಮಾರಂಭ ಮಾಡಿದರು. ಮೊದಲ ವರ್ಷ ಬಂದವರು ಮೂರೇ ಜನ. ಮೂರು ಜನಕ್ಕೆ ಯಾಕೆ ಹಾಲ್ ಅಂತ ಯಾರೂ ಕೇಳಲಿಲ್ಲವಲ್ಲ, ಅದು ದೊಡ್ಡದು ಅಂದಳು ಇವಳು. ಈಗ ದೇಶದ ಬಹಳಷ್ಟು ಕ್ಯಾಂಪಸ್‌ಗಳಲ್ಲಿ ಅದು ನಡೆಯುತ್ತದೆ.

ಆದರೆ ಸಂಬಳದ ಕುರ್ಚಿಗೆ ಒಂದು ಕಷ್ಟ ಇದೆ. ಸಂಬಳ ಕೊಡುವವರು ಅದನ್ನು ಎತ್ತಿಯೂ ಇಡಬಹುದು. ಟೆಕ್ಸಸ್‌ನಲ್ಲಿ ಸರ್ಕಾರಿ ಕಾಲೇಜುಗಳ 'ವೈವಿಧ್ಯ'ದ ಕಚೇರಿಗಳನ್ನು, ಅಂದರೆ ಎಲ್ಲ ಬಗೆಯವರನ್ನೂ ಒಳಗೊಳ್ಳಲು ಇರುವ ಕಚೇರಿಗಳನ್ನು, ನಿಷೇಧಿಸುವ ಹೊಸ ಕಾನೂನು ಬಂದ ಮೇಲೆ ಹ್ಯೂಸ್ಟನ್ ವಿಶ್ವವಿದ್ಯಾಲಯ 2023ರಲ್ಲಿ ಇಂಥ ಕೇಂದ್ರವನ್ನು ಮುಚ್ಚಿತು. 2024ರಲ್ಲಿ ಯೂಟಾ ವಿಶ್ವವಿದ್ಯಾಲಯವೂ ಮುಚ್ಚಿತು. ಮಿಷಿಗನ್ ವಿಶ್ವವಿದ್ಯಾಲಯವೇ 2025ರ ಮಾರ್ಚ್‌ನಲ್ಲಿ ತನ್ನ ವೈವಿಧ್ಯದ ಮುಖ್ಯ ಕಚೇರಿಯನ್ನು ಮುಚ್ಚುವುದಾಗಿ ಹೇಳಿತು. ಟೆಕ್ಸಸ್‌ನಲ್ಲಿರುವ ನನ್ನ ಗೆಳೆಯರು "ಹುಡುಗರು ಕಾಫಿ ಶಾಪಿನಲ್ಲಿ ಸೇರ್ತಾರೆ ಬಿಡಿ" ಅಂದರು. ಕಾಫಿ ಶಾಪ್ ಒಳ್ಳೆಯದೇ. ಅಲ್ಲಿ ರಾತ್ರಿ ಕುಸಿದು ಕೂತವನಿಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಕೊಡಿಸುವವರು ಯಾರೂ ಇರಲ್ಲ.

ನಮ್ಮ ದೇಶದಲ್ಲಿ ನಡೆದಿರುವುದೆಲ್ಲ ಹೆಚ್ಚುಕಮ್ಮಿ ಕಾಫಿ ಶಾಪಿನ ದಾರಿಯಲ್ಲೇ. ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಬಾಂಬೆ ಐಐಟಿಯ 'ಸಾಥಿ' ಎಂಬ ವಿದ್ಯಾರ್ಥಿ ಬಳಗ 2011ರಲ್ಲೇ ಶುರುವಾಯಿತು, 377ರ ತಕರಾರು ಕೋರ್ಟಿನಲ್ಲಿ ಇನ್ನೂ ತೀರದಿದ್ದಾಗಲೇ. 2018ರಲ್ಲಿ ಬೇರೆ ಬೇರೆ ಐಐಟಿಗಳ 20 ಜನ ಹಳೆಯ ಮತ್ತು ಹೊಸ ವಿದ್ಯಾರ್ಥಿಗಳು ಹೆಸರು ಹಾಕಿ 377ರ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಕೊಟ್ಟರು. ಆ ವಯಸ್ಸಿನಲ್ಲಿ ನನಗೆ ಆ ಧೈರ್ಯ ಬರುತ್ತಿತ್ತಾ? ನಮ್ಮ ಹುಡುಗನಿಗೂ ಕೊನೆಗೆ ದಾರಿ ತೋರಿಸಿದ್ದು ಇಂಥದ್ದೇ ಬಳಗದ ಸೀನಿಯರ್ ಒಬ್ಬ, ತಮಿಳಿನವನು. ಜಾತಕಕ್ಕೆ ಏನು ಉತ್ತರ ಬರೆಯಬೇಕು ಅಂತ ಅವನಿಗೆ ಗೊತ್ತಿತ್ತು, ತಾನೇ ನಾಲ್ಕು ವರ್ಷ ಬರೆದಿದ್ದನಲ್ಲ. "ಮೊದ್ಲು ಅಕ್ಕನಿಗೆ ಹೇಳು. ಅಮ್ಮನಿಗೆ ಹೇಳೋದು ಅವಳ ಕೈಲಿ ಆಗುತ್ತೆ" ಅಂದನಂತೆ. ಅದು ಸರಿಯಾದ ಸಲಹೆ ಅಂತ ಆಮೇಲೆ ಗೊತ್ತಾಯಿತು. ಆದರೆ ಸೀನಿಯರ್ ಪಾಸಾಗಿ ಹೋಗುತ್ತಾನೆ. ಮುಂದಿನ ವರ್ಷದವನು ಮತ್ತೆ ಮೊದಲಿಂದ ಹುಡುಕಬೇಕು. ಮೇಲಾಗಿ ಐಐಟಿ, ಲಾ ಸ್ಕೂಲಿನ ಇಂಗ್ಲಿಷಿನ ಹುಡುಗರಿಗೆ ಸಿಗುವ ಬಳಗ ತರೀಕೆರೆಯ, ಸಿಂಧನೂರಿನ ಡಿಗ್ರಿ ಕಾಲೇಜಿನವರಿಗೆ ಸಿಗುವುದಿಲ್ಲ.

ಅದಕ್ಕೇ ನನಗೆ ಕುರ್ಚಿಯ ಚಿಂತೆ ಜಾಸ್ತಿ. ಬೇಕಾದ ಕಾಗದ ನಮ್ಮಲ್ಲಿ ಆಗಲೇ ಇದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2016ರಲ್ಲಿ ರ್‍ಯಾಗಿಂಗ್ ನಿಯಮ ತಿದ್ದಿ, ಲಿಂಗ ಅಥವಾ ಲೈಂಗಿಕ ಒಲವಿನ ಕಾರಣಕ್ಕೆ ಪೀಡಿಸುವುದೂ ರ್‍ಯಾಗಿಂಗೇ ಅಂತ ಸೇರಿಸಿತು. ನಾವು ಆ ಹುಡುಗನಿಗೆ ಹೆಣ್ಣಿಗ ಅಂದದ್ದು ಇವತ್ತಾದರೆ ಕೇಸು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆ, ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು ಅನ್ನುತ್ತದೆ. ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್‌ಗಳಿಗೆ ಶೇ. 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ, 2021ರಲ್ಲಿ. ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ ನಾವೆಲ್ಲ ಇಲ್ಲಿ ಕೂತು ಖುಷಿಪಟ್ಟೆವು. ಆದರೆ ನೌಕರಿಯ ಮೀಸಲಾತಿಗೆ ಅರ್ಜಿ ಹಾಕಬೇಕಾದರೆ ಮೊದಲು ಡಿಗ್ರಿ ಮುಗಿಯಬೇಕಲ್ವಾ? ಹಾಸ್ಟೆಲ್‌ನಲ್ಲಿ ಉಳಿದರೆ ತಾನೇ ಡಿಗ್ರಿ?

ನನ್ನ ಹಾಸ್ಟೆಲ್ ಗೆಳೆಯನೊಬ್ಬ ಈಗ ಒಂದು ಕಾಲೇಜಿನ ಪ್ರಿನ್ಸಿಪಾಲ. ಈ ಬೇಸಿಗೆಯಲ್ಲಿ ಫೋನ್ ಮಾಡಿ, ನೋಟಿಸ್ ಬೋರ್ಡಿನಲ್ಲಿ ಒಂದು ಸಾಲು ಹಾಕು ಅಂತ ಪೀಡಿಸಿದೆ. "ನೀನು ಅಮೆರಿಕದಲ್ಲಿ ಕೂತು ಹೇಳ್ತೀಯ ಮಾರಾಯ, ಇಲ್ಲಿ ಪೇರೆಂಟ್ಸ್ ಗಲಾಟೆ ಮಾಡಿದ್ರೆ ನಾನು ಅನುಭವಿಸ್ಬೇಕು" ಅಂದ. ಆ ಹಾಡುವ ಹುಡುಗನ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ, "ಸರಿ, ಕನ್ನಡದಲ್ಲಿ ಏನಂತ ಬರೀಬೇಕು, ನೀನೇ ಬರೆದು ಕಳಿಸು" ಅಂದ.

ನನಗೂ ನಮ್ಮ ಹುಡುಗನಿಗೂ ಎರಡು ಶನಿವಾರ ಹಿಡಿಯಿತು. ಕಾಮವೂ ಇರಬಾರದು, ಸುತ್ತೋಲೆಯೂ ಆಗಬಾರದು. ಕೊನೆಗೆ ಕಳಿಸಿದ್ದು ಇಷ್ಟು: "ನೀನು ನಡೆಯುವ ರೀತಿಗೆ, ಉಡುವ ರೀತಿಗೆ, ಯಾರನ್ನು ಇಷ್ಟಪಡುತ್ತೀಯ ಅನ್ನುವುದಕ್ಕೆ ಯಾರಾದರೂ ನಿನ್ನನ್ನು ಗೋಳು ಹೊಯ್ದುಕೊಂಡರೆ, ಅಥವಾ ಸುಮ್ಮನೆ ಮಾತಾಡಬೇಕು ಅನಿಸಿದರೆ, ಈ ನಂಬರಿಗೆ ಫೋನ್ ಮಾಡು. ಮನೆಗೆ ಹೇಳುವುದಿಲ್ಲ."

ಎರಡು ದಿನ ಬಿಟ್ಟು ಪ್ರಿನ್ಸಿಪಾಲರ ಮೆಸೇಜ್ ಬಂತು. "ಚೆನ್ನಾಗಿದೆ. ಪ್ರಿಂಟ್ ಹಾಕಿಸ್ತೀನಿ. ನಂಬರ್ ಯಾರದು ಹಾಕ್ಲಿ?"