ಬೆಂಬಲಿತರ ಊರು

ನಮ್ಮೂರಿನ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷ ಇಲ್ಲ. ಕಾನೂನು ಹಾಗೆ ಹೇಳುತ್ತದೆ. ಕೈ, ಕಮಲ, ತೆನೆ ಹೊತ್ತ ಮಹಿಳೆ ಯಾವುದೂ ಮತಪತ್ರದ ಮೇಲೆ ಬರುವಂತಿಲ್ಲ. ಬದಲಿಗೆ ಕುಕ್ಕರ್, ಹೊಲಿಗೆ ಯಂತ್ರ, ಸೀಲಿಂಗ್ ಫ್ಯಾನ್ ಬರುತ್ತವೆ. ದೂರದಿಂದ ನೋಡಿದರೆ ಹೆಣ್ಣಿನ ಮನೆಯವರು ಕೊಟ್ಟ ಸಾಮಾನಿನ ಪಟ್ಟಿ ಅನ್ನಬೇಕು.

ಊರೊಳಗೆ ಪಕ್ಷದ ರಾಜಕೀಯ ಬೇಡ, ಎಲ್ಲರೂ ಅಣ್ಣ ತಮ್ಮಂದಿರ ಹಾಗೆ ಇರಲಿ ಅಂತ ಈ ಏರ್ಪಾಡು. ಮಾಡಿದವರು ಅಣ್ಣ ತಮ್ಮಂದಿರ ಬದು ಜಗಳ ನೋಡಿರಲಿಲ್ಲ ಅಂತ ಕಾಣುತ್ತದೆ.

ಪಕ್ಷ ಇಲ್ಲ ಅಂದ ಮೇಲೆ ಪೇಪರಿನವರು ಏನು ಬರೆಯಬೇಕು? ಪಾಪ, ಅವರು ಒಂದು ಪದ ಹುಡುಕಿಕೊಂಡಿದ್ದಾರೆ. ‘ಬೆಂಬಲಿತ’. ಕಾಂಗ್ರೆಸ್ ಬೆಂಬಲಿತ, ಜೆಡಿಎಸ್ ಬೆಂಬಲಿತ, ಬಿಜೆಪಿ ಬೆಂಬಲಿತ. ಮದುವೆ ಆಗಿಲ್ಲ, ಸುಮ್ನೆ ಒಂದೇ ಮನೆಯಲ್ಲಿ ಇದ್ದೀವಿ ಅಂದ ಹಾಗೆ.

ಈಗ ನಮ್ಮೂರಿನಲ್ಲಿ ಬೆಂಬಲಿತವಲ್ಲದ ವಸ್ತುವೇ ಇಲ್ಲ. ಬಸ್ ಸ್ಟ್ಯಾಂಡಿನ ಬಲಗಡೆಯ ಟೀ ಅಂಗಡಿ ಒಂದು ಪಕ್ಷದ ಬೆಂಬಲಿತ, ಎಡಗಡೆಯದು ಇನ್ನೊಂದರ ಬೆಂಬಲಿತ. ಎರಡಕ್ಕೂ ಹಾಲು ಬರುವುದು ಒಂದೇ ಡೇರಿಯಿಂದ. ಆದರೂ ದಿನಾ ಬಲಗಡೆ ಕುಡಿಯುವವನು ಒಂದು ದಿನ ಎಡಗಡೆ ಕೂತರೆ ಸಂಜೆಯೊಳಗೆ ಇಬ್ಬರು ಮನೆಗೆ ಬಂದು, ‘ಏನ್ ಬೇಜಾರಾಯ್ತಣ್ಣಾ ನಮ್ಮ ಮೇಲೆ?’ ಅಂತ ಕೇಳುತ್ತಾರೆ.

ನಾನೂ ಒಮ್ಮೆ ಸಿಕ್ಕಿಬಿದ್ದೆ. ಬಲಗಡೆ ಬೋಂಡಾ ಖಾಲಿ ಆಗಿತ್ತು, ಎಡಗಡೆ ಹೋಗಿ ತಿಂದೆ. ಮಾರನೆಯ ದಿನ ನಮ್ಮ ಬೀದಿಗೆ ನೀರು ಬರಲಿಲ್ಲ. ನೀರುಗಂಟಿಯನ್ನು ಕೇಳಿದರೆ ಮೋಟಾರ್ ಸುಟ್ಟಿದೆ ಅಂದ. ಸುಟ್ಟಿದ್ದರೂ ಸುಟ್ಟಿರಬಹುದು. ಆದರೆ ಇಡೀ ಬೀದಿಯಲ್ಲಿ ಅದನ್ನು ಒಬ್ಬರೂ ನಂಬಲಿಲ್ಲ. ಖಾಲಿ ಕೊಡ ಹಿಡಿದುಕೊಂಡು ಬಂದು ಎಲ್ಲರೂ ನನಗೇ ಬೈದರು. ‘ಎರಡು ಬೋಂಡಾಗೋಸ್ಕರ ಬೀದಿ ಮಾರ್ಬಿಟ್ರಲ್ಲ ಮೇಷ್ಟ್ರೇ!’

ಇಲ್ಲಿ ಯಾರು ಯಾವ ಪಕ್ಷ ಅಂತ ತಿಳಿಯಲು ಸಿದ್ಧಾಂತ ಕೆದಕಬೇಡಿ. ಅವನ ದಾಯಾದಿ ಯಾವ ಪಕ್ಷ ಅಂತ ಕೇಳಿ. ಇವನು ಅದಲ್ಲ. ಅಷ್ಟೇ ಲೆಕ್ಕ. ಈ ಲೆಕ್ಕ ತಪ್ಪಿಸುವುದು ಮೇಲಿನವರು ಮಾತ್ರ. 2018ರ ಮೇ ತಿಂಗಳಲ್ಲಿ ನಮ್ಮೂರಿನ ಕೈ ಮತ್ತು ತೆನೆ ಬೂತಿನ ಮುಂದೆಯೇ ತಲೆ ಒಡೆದುಕೊಂಡವು. ಬ್ಯಾಂಡೇಜ್ ಬಿಚ್ಚುವ ಮೊದಲೇ ಬೆಂಗಳೂರಿನಲ್ಲಿ ಎರಡೂ ಸೇರಿ ಸರ್ಕಾರ ಮಾಡಿದವು. ಸರಿ, ಹೇಗೋ ಮಾತು ಶುರುವಾಯಿತು. 2019ರಲ್ಲಿ ಆ ಸರ್ಕಾರ ಬಿತ್ತು, ಮಾತೂ ಬಿತ್ತು. 2023ರ ಸೆಪ್ಟೆಂಬರಿನಲ್ಲಿ ತೆನೆಯವರು ಕಮಲದ ಜೊತೆ ಹೋದರು. ಅಷ್ಟು ವರ್ಷ ಕಮಲದವರಿಗೆ ಬೈದುಕೊಂಡೇ ತಲೆ ನೆರೆಸಿಕೊಂಡ ಹಿರಿಯರೊಬ್ಬರು ಈಗ ಟೀ ಕುಡಿಯುವುದನ್ನೇ ಬಿಟ್ಟಿದ್ದಾರೆ. ಡಾಕ್ಟರು ಬೇಡ ಅಂದಿದ್ದಾರೆ ಅಂತಾರೆ. ನಿಜ ಏನಂದರೆ, ಯಾವ ಅಂಗಡಿಗೆ ಹೋಗಬೇಕು ಅಂತ ಅವರಿಗೆ ತಿಳಿಯುತ್ತಿಲ್ಲ.

ಹಾಗಂತ ನಮ್ಮೂರು ತೀರಾ ಕೆಟ್ಟಿಲ್ಲ. 2020ರ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಕೆಲವು ಊರುಗಳಲ್ಲಿ ಸೀಟನ್ನೇ ಹರಾಜು ಹಾಕಿದ ಸುದ್ದಿ ಬಂತು. ಜಾಸ್ತಿ ಕೂಗಿದವನು ಅವಿರೋಧ ಆಯ್ಕೆ, ದುಡ್ಡು ದೇವಸ್ಥಾನಕ್ಕೆ. ಅಲ್ಲಿನವರು ದೇವರ ಬೆಂಬಲಿತರು, ಬಿಡಿ.

ಆ ವರ್ಷ ಡಿಸೆಂಬರ್ 30ಕ್ಕೆ ಎಣಿಕೆ. ಸಂಜೆ ಟಿವಿಯಲ್ಲಿ ಆಳುವ ಪಕ್ಷ, ನಮ್ಮ ಬೆಂಬಲಿತರೇ ಜಾಸ್ತಿ ಗೆದ್ದಿದ್ದು ಅಂದಿತು. ವಿರೋಧ ಪಕ್ಷವೂ ಅದನ್ನೇ ಅಂದಿತು. ಮತಪತ್ರದಲ್ಲಿ ಇಲ್ಲದ ಪಕ್ಷವನ್ನು ಯಾರು ಎಣಿಸುತ್ತಾರೆ? ನಮ್ಮೂರಿನಲ್ಲಿ ಇರುವುದು 15 ಸೀಟು. ಕೈಯವರು 9 ಅಂದರು, ತೆನೆಯವರು 8 ಅಂದರು, ಕಮಲದವರು ಸಂಕೋಚದಿಂದ 5 ಅಂದರು. ಒಟ್ಟು 22. ನಮ್ಮ ಹೊಲಗಳಿಗೂ ಇಷ್ಟು ಇಳುವರಿ ಬಂದಿದ್ದರೆ ಸಾಲ ತೀರುತ್ತಿತ್ತು.

ಹೆಚ್ಚಾದ 7ರಲ್ಲಿ 2 ಒಬ್ಬರೇ ಹೆಂಗಸಿನ ಲೆಕ್ಕದಿಂದ ಬಂದಿದ್ದು. ಅರ್ಧ ಸೀಟು ಹೆಂಗಸರಿಗೆ ಮೀಸಲಲ್ವಾ, ಅದರಲ್ಲಿ ಒಂದನ್ನು ಆಕೆ ಗೆದ್ದರು. ಬೆಳಗ್ಗೆ ಒಂದು ಪಕ್ಷದವರು ಬಂದು ಶಾಲು ಹೊದಿಸಿದರು, ಮಧ್ಯಾಹ್ನ ಇನ್ನೊಂದು, ದೀಪ ಹಚ್ಚುವ ಹೊತ್ತಿಗೆ ಮೂರನೆಯದು. ಹೊದಿಸಿದ್ದು ಆಕೆಗಲ್ಲ, ಆಕೆಯ ಗಂಡನಿಗೆ. ಆಕೆ ಮೂರು ಸಲವೂ ಒಳಗೆ ಕಾಫಿ ಕಾಯಿಸುತ್ತಿದ್ದರು.

‘ಅಕ್ಕಾ, ನೀವು ನಿಜವಾಗಿ ಯಾರ ಬೆಂಬಲಿತರು?’ ಅಂತ ಕೇಳಿದೆ.

‘ಯಾರ್ ಬೆಂಬಲ ಕೊಟ್ರು ಮೇಷ್ಟ್ರೇ? ಸಂಘದ ಹೆಂಗಸ್ರು ನಾವೇ ಮನೆ ಮನೆ ತಿರುಗಿದ್ವಿ. ಇವ್ರು ಮೂರು ಜನಾನೂ ಆಗ ನಮ್ಮನೆ ಬಾಗ್ಲಿಗೂ ಬಂದಿಲ್ಲ,’ ಅಂದರು. ‘ಶಾಲು ಮಾತ್ರ ಚೆನ್ನಾಗಿವೆ. ಮಗೀಗೆ ಹೊದ್ಸೋಕಾಯ್ತು.’

ಇನ್ನೊಂದು ಸೀಟಿನಲ್ಲಿ ಇಬ್ಬರಿಗೂ ಸಮ ವೋಟು ಬಂದಿತ್ತು. ನಿಯಮದ ಪ್ರಕಾರ ಅಧಿಕಾರಿ ಎರಡು ಹೆಸರು ಬರೆದು, ಮಡಿಸಿ, ಡಬ್ಬಿಗೆ ಹಾಕಿ ಒಂದು ಚೀಟಿ ಎತ್ತಿದರು. ಇಡೀ ಚುನಾವಣೆಯಲ್ಲಿ ಪಕ್ಷ ನೋಡದೆ ಬಿದ್ದ ವೋಟು ಅದೊಂದೇ ಅಂದುಕೊಂಡು ನಾನು ಖುಷಿಯಾಗಿ ಹೊರಗೆ ಬಂದೆ. ಗೇಟಿನ ಹತ್ತಿರ ಸೋತವನ ಕಡೆಯವರು ಗುಂಪಾಗಿ ನಿಂತಿದ್ದರು. ಒಬ್ಬ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು, ದನಿ ತಗ್ಗಿಸಿ ಕೇಳಿದ:

‘ಮೇಷ್ಟ್ರೇ, ಚೀಟಿ ಎತ್ತಿದ್ರಲ್ಲ ಆ ಸಾಹೇಬ್ರು, ಅವರು ಟೀ ಎಲ್ಲಿ ಕುಡಿದ್ರು?’