ವೈಲಿ ಕಣಿವೆಯ ಕುದುರೆ ದಾರಿ, ಮದ್ದೂರಿನ ಬಂಡಿ ದಾರಿ

ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿರುವ ವೈಲಿ ನದಿಯ ಕಣಿವೆ ಕಾರಿನಲ್ಲಿ ದಾಟಿದವರ ನೆನಪಿನಲ್ಲಿ ಉಳಿಯುವುದಿಲ್ಲ. ಸಾಲ್ಸ್‌ಬರಿಯಿಂದ ವಾರ್ಮಿನ್‌ಸ್ಟರ್ ಕಡೆಗೆ ಹೋಗುವ ಎ-36 ಹೆದ್ದಾರಿಯೂ ರೈಲು ಹಳಿಯೂ ನದಿಯ ಪಕ್ಕದಲ್ಲೇ ಸಾಗುತ್ತವೆ. ಊರಿನ ಫಲಕ ಕಣ್ಣಿಗೆ ಬೀಳುವಷ್ಟರಲ್ಲಿ ಊರೇ ಹಿಂದೆ ಸರಿದಿರುತ್ತದೆ. ಈ ಕಣಿವೆಯನ್ನು ಅರಿಯಬೇಕಾದರೆ ವಿಲ್ಟನ್ ಪಟ್ಟಣದ ಬದಿಯಿಂದ ಗುಡ್ಡ ಹತ್ತಿ ಗ್ರೋವ್ಲಿ ಕಾಡನ್ನು ಸೇರಬೇಕು, ಅದೂ ಸೈಕಲ್ಲಿನಲ್ಲಿ. ವೈಲಿ ಮತ್ತು ನ್ಯಾಡರ್ ನದಿಗಳ ನಡುವಿನ ಏರುದಂಡೆಯ ಮೇಲೆ, ದೊಡ್ಡ ಬೀಚ್ ಮರಗಳ ಸಾಲಿನೊಳಗೆ ಒಂದು ದಾರಿ ಪಶ್ಚಿಮಕ್ಕೆ ಸಾಗುತ್ತದೆ. ರೋಮನ್ನರು ಮೆಂಡಿಪ್ ಬೆಟ್ಟಗಳ ಸೀಸದ ಗಣಿಗಳಿಗೂ ಓಲ್ಡ್ ಸೇರಮ್ ಕೋಟೆಗೂ ನಡುವೆ ಹಾಕಿದ್ದ ದಾರಿ ಈ ಕಾಡಿನ ಮೂಲಕವೇ ಹಾದುಹೋಗುತ್ತಿತ್ತು.

ಇಲ್ಲಿ ಓಡಿಸುವುದು ಗ್ರಾವೆಲ್ ಸೈಕಲ್. ಹ್ಯಾಂಡಲ್ ರೇಸ್ ಸೈಕಲ್ಲಿನಂತೆ ಬಾಗಿರುತ್ತದೆ, ಟೈರ್ ಮಾತ್ರ 40–45 ಮಿಲಿಮೀಟರ್ ಅಗಲ. ಜಲ್ಲಿ, ಮಣ್ಣು, ಹುಲ್ಲು ಎಲ್ಲದರ ಮೇಲೂ ಹೋಗುತ್ತದೆ. ಈ ಸೀಮೆಯ ನೆಲವೆಲ್ಲ ಸೀಮೆಸುಣ್ಣ. ಜೂನ್ ತಿಂಗಳ ಒಣಹವೆಯಲ್ಲಿ ದಾರಿ ಬೆಳ್ಳಗೆ ಗಟ್ಟಿಯಾಗಿ ಸಿಗುತ್ತದೆ. ಮಳೆ ಬಿದ್ದ ಮೇಲೆ ಅದೇ ಸುಣ್ಣ ಚಕ್ರಕ್ಕೂ ಫೋರ್ಕಿಗೂ ನಡುವೆ ಮೆತ್ತಿಕೊಂಡು ಸೈಕಲ್ಲನ್ನು ನಿಲ್ಲಿಸಿಬಿಡುತ್ತದೆ. ಕಡ್ಡಿಯಿಂದ ಕೆರೆದು ತೆಗೆಯದೆ ಮುಂದೆ ಹೋಗಲಾಗುವುದಿಲ್ಲ. ಸುಣ್ಣದೊಳಗೆ ಹುದುಗಿದ ಚಕಮಕಿ ಕಲ್ಲಿನ ಚೂರುಗಳು ಇನ್ನೂ ಕಷ್ಟ. ಗಾಜಿನಷ್ಟು ಹರಿತವಾದ ಅಂಚು ಟೈರಿನ ಪಕ್ಕವನ್ನು ಸೀಳಿದರೆ, ಒಳಗಿನ ಸೀಲಂಟ್ ದ್ರವವೂ ಅದನ್ನು ಮುಚ್ಚಲಾರದು.

ಆದರೆ ನನಗೆ ಹೇಳಬೇಕಾಗಿರುವುದು ಸೈಕಲ್ಲಿನ ಬಗ್ಗೆ ಅಲ್ಲ, ದಾರಿಯ ಬಗ್ಗೆ. ಈ ಕಣಿವೆಯಲ್ಲಿ ಒಂದು ಗುಂಟೆ ಜಮೀನೂ ಇಲ್ಲದ ನಾನು, ಇನ್ನೊಬ್ಬರ ಗೋಧಿ ಹೊಲದ ನಡುವೆ ಯಾರ ಅನುಮತಿಯನ್ನೂ ಕೇಳದೆ ಹಾದುಹೋಗುತ್ತೇನೆ. 1949ರ ಕಾನೂನಿನಂತೆ ಪ್ರತಿ ಕೌಂಟಿಯೂ, ಅಂದರೆ ಅಲ್ಲಿನ ಜಿಲ್ಲೆಯೂ, ಸಾರ್ವಜನಿಕ ಹಕ್ಕಿರುವ ದಾರಿಗಳ ಅಧಿಕೃತ ನಕಾಶೆಯನ್ನು ಇಟ್ಟುಕೊಳ್ಳಬೇಕು. 1968ರ ಕಾನೂನು ನಡೆಯುವವರಿಗೂ ಕುದುರೆ ಸವಾರರಿಗೂ ಹಕ್ಕಿದ್ದ ಕುದುರೆ ದಾರಿಗಳಲ್ಲಿ ಸೈಕಲ್ಲಿಗೂ ಅವಕಾಶ ಕೊಟ್ಟಿತು. ನಡೆಯುವವರಿಗೂ ಕುದುರೆಯವರಿಗೂ ನಾವು ದಾರಿ ಬಿಟ್ಟುಕೊಡಬೇಕು, ಅಷ್ಟೇ. ಕಂಬದ ಮೇಲಿನ ಬಾಣದ ಬಣ್ಣ ನೋಡಿದರೆ ಸಾಕು: ಹಳದಿ ಕಾಲ್ನಡಿಗೆಗೆ, ನೀಲಿ ಕುದುರೆಗೂ ಸೈಕಲ್ಲಿಗೂ. ಹೊಲದ ಮಧ್ಯೆ ಹೋಗುವ ದಾರಿಯನ್ನು ರೈತ ಉಳಬಹುದು. ಆದರೆ ಬಿತ್ತನೆಗೆಂದು ಮೊದಲ ಸಲ ಉತ್ತ 14 ದಿನಗಳೊಳಗೆ ಮತ್ತೆ ದಾರಿ ಮಾಡಿಕೊಡಬೇಕು. ಕುದುರೆ ದಾರಿಯಾದರೆ ಕನಿಷ್ಠ 2 ಮೀಟರ್ ಅಗಲ. ಎದೆಮಟ್ಟದ ಗೋಧಿಯ ನಡುವೆ ಆ 2 ಮೀಟರ್ ಓಣಿ ಮುಂದಿನ ಗೇಟಿನವರೆಗೆ ಅಚ್ಚುಕಟ್ಟಾಗಿ ಸಾಗುವುದನ್ನು ಕಂಡಾಗ ಆ ರೈತನ ಬಗ್ಗೆ ಗೌರವ ಮೂಡುತ್ತದೆ. ಗೇಟಿನ ಚಿಲಕಕ್ಕೆ ಉದ್ದನೆಯ ಹಿಡಿ ಇರುತ್ತದೆ, ಕುದುರೆಯ ಮೇಲೆ ಕುಳಿತೇ ತೆರೆಯಲಿ ಎಂದು. ಹಿಂದೆ ಬರುವ ದನಕರುಗಳನ್ನು ನೆನೆದು ಅದನ್ನು ಮುಚ್ಚಿ ಹೋಗುವುದು ನಮ್ಮ ಹೊಣೆ.

ಹಾಗೆಂದು ಇದೆಲ್ಲ ಕಾನೂನು ಪುಸ್ತಕದಿಂದ ತಾನಾಗಿ ಬಂದದ್ದಲ್ಲ. ಗ್ರೋವ್ಲಿಯ ಬುಡದಲ್ಲೇ ಗ್ರೇಟ್ ವಿಶ್‌ಫರ್ಡ್ ಎಂಬ ಹಳ್ಳಿ ಇದೆ. ಆ ಕಾಡಿನಲ್ಲಿ ಸೌದೆ ಆರಿಸುವ ಹಕ್ಕು ಊರವರದು ಎಂದು 1603ರ ದಾಖಲೆ ಹೇಳುತ್ತದೆ. ಪ್ರತಿವರ್ಷ ಮೇ 29ರಂದು ನಸುಕಿನಲ್ಲೇ ಸದ್ದು ಮಾಡಿ ಊರನ್ನು ಎಬ್ಬಿಸುತ್ತಾರೆ, ಕಾಡಿಗೆ ಹೋಗಿ ಓಕ್ ಕೊಂಬೆ ಕಡಿದು ತಂದು ಮನೆಗಳನ್ನು ಸಿಂಗರಿಸುತ್ತಾರೆ. ಆಮೇಲೆ ಸಾಲ್ಸ್‌ಬರಿಯ ಮಹಾ ಚರ್ಚಿನ ಮುಂದೆ ಕುಣಿದು, ಗ್ರೋವ್ಲಿ ಪೂರ್ತಿ ನಮ್ಮದು ಎಂದು ಕೂಗಿ ಸಾರುತ್ತಾರೆ. ಇಂದು ಸೌದೆ ಉರಿಸಿ ಅಡುಗೆ ಮಾಡುವವರು ಆ ಊರಿನಲ್ಲಿ ಯಾರಿದ್ದಾರೆ? ಆದರೂ ಹಬ್ಬ ಬಿಟ್ಟಿಲ್ಲ, ಏಕೆಂದರೆ ಬಳಸದ ಹಕ್ಕು ಕೈತಪ್ಪುತ್ತದೆ ಎಂಬುದು ಅವರಿಗೆ ಗೊತ್ತು. ಆ ಹಳ್ಳಿಯವರ ಈ ಹಟ ನನಗೆ ಬಹಳ ಹಿಡಿಸಿದೆ.

ಎಲ್ಲವೂ ಇಲ್ಲೇ ಚೆನ್ನ ಎನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಇಲ್ಲಿನ ಸಾರ್ವಜನಿಕ ದಾರಿಗಳಲ್ಲಿ ಸೈಕಲ್ಲಿಗೆ ತೆರೆದಿರುವುದು ಸುಮಾರು ಐದನೇ ಒಂದು ಭಾಗ ಮಾತ್ರ. ಉಳಿದದ್ದು ಹಳದಿ ಬಾಣದ ದಾರಿ, ಅಲ್ಲಿ ಇಳಿದು ಹಿಂದಿರುಗಬೇಕು. ನದಿಯ ವಿಷಯವಂತೂ ನನಗೆ ಇನ್ನೂ ಒಗ್ಗಿಲ್ಲ. ವೈಲಿ ಸೀಮೆಸುಣ್ಣದ ಬುಗ್ಗೆಗಳಿಂದ ಹುಟ್ಟುವ ತಿಳಿನೀರಿನ ಹೊಳೆ. ಜಗತ್ತಿನಲ್ಲಿರುವ ಇಂಥ ಹೊಳೆಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಲ್ಲೇ ಇವೆ. ತಳದಲ್ಲಿ ತೊನೆಯುವ ಜೊಂಡು, ಅದರ ಮರೆಯಲ್ಲಿ ಪ್ರವಾಹಕ್ಕೆ ಎದುರಾಗಿ ನಿಂತ ಟ್ರೌಟ್ ಮೀನು ಸೇತುವೆಯ ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತವೆ. ಆದರೆ ದಡದ ಬಹುಭಾಗ ಖಾಸಗಿ. ಮೀನು ಹಿಡಿಯುವ ಹಕ್ಕೂ ಹಣ ಕೊಟ್ಟವರದು. ಬಿಸಿಲಲ್ಲಿ ಬೆಂದು ಬಂದವನು ಕಾಲು ನೆನೆಸಲು ಜಾಗ ಹುಡುಕಬೇಕು. ನಮ್ಮ ಮದ್ದೂರಿನ ಶಿಂಷಾ ದಡದಲ್ಲಿ ಇಂಥದ್ದನ್ನು ಯಾರಾದರೂ ಊಹಿಸಿಯಾರೇ? ಹೊಳೆಗೆ ಇಳಿಯುವ ದಾರಿ ಇಲ್ಲದ ಊರೇ ನಮ್ಮಲ್ಲಿಲ್ಲ. ಎಮ್ಮೆ ತೊಳೆಯುವವರು, ಬಟ್ಟೆ ಒಗೆಯುವವರು, ಗಂಗೆಪೂಜೆಗೆ ಬಂದವರು, ಸುಮ್ಮನೆ ಕುಳಿತವರು, ಎಲ್ಲರೂ ಒಂದೇ ಮೆಟ್ಟಿಲಲ್ಲಿ. ಅಪರಿಚಿತನೊಬ್ಬ ಸೈಕಲ್ ತುಳಿದುಕೊಂಡು ಬಂದರೆ ಯಾವೂರು ಎಂದು ಕೇಳುತ್ತಾರೆ; ಪಕ್ಕದಲ್ಲಿ ಆಲೆಮನೆ ನಡೆಯುತ್ತಿದ್ದರೆ ಕಬ್ಬಿನ ಹಾಲು ಕುಡಿಸದೆ ಕಳಿಸುವುದಿಲ್ಲ.

ಇಂಥ ಮನಸ್ಸಿರುವ ಊರಿನಲ್ಲಿ ದಾರಿಗಳು ಏಕೆ ಸಾಯುತ್ತಿವೆ? ಮದ್ದೂರು ತಾಲ್ಲೂಕಿನ ನಮ್ಮೂರಿನಲ್ಲಿ ಗದ್ದೆ ಬಯಲಿಗೆ ಹೋಗುತ್ತಿದ್ದ ಬಂಡಿ ದಾರಿ ನನ್ನ ಕಣ್ಣೆದುರೇ ಸವೆಯಿತು. ಮೊದಲು ಒಬ್ಬರು ಬದುವನ್ನು ಒಂದು ಗೇಣು ಸರಿಸಿದರು. ಎದುರಿನವರು ತಾವೂ ಸರಿಸಿದರು. ಎರಡು ಜೊತೆ ಎತ್ತು ಎದುರುಬದುರಾಗಿ ಹಾಯುತ್ತಿದ್ದ ಜಾಗದಲ್ಲಿ ಈಗ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಅಡ್ಡಡ್ಡ ಹೆಜ್ಜೆ ಇಡಬೇಕು. ಕೊನೆಯ ಗದ್ದೆಯವರು ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದು ಸೋತು, ಕಬ್ಬನ್ನು ಪಕ್ಕದವರ ದಾಕ್ಷಿಣ್ಯದಲ್ಲಿ ಸಾಗಿಸುತ್ತಾರೆ.

ಕಾನೂನು ಇಲ್ಲವೆಂದಲ್ಲ. ಗ್ರಾಮ ನಕಾಶೆಯಲ್ಲಿ ಕಾಲುದಾರಿಗೆ ಒಂದು ಸಾಲು ಚುಕ್ಕೆ, ಬಂಡಿ ದಾರಿಗೆ ಎರಡು ಸಾಲು ಚುಕ್ಕೆ. ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗಗಳು ಬಿ ಖರಾಬು; ಅವಕ್ಕೆ ಕಂದಾಯವೂ ಇಲ್ಲ, ಖಾಸಗಿ ಒಡೆತನವೂ ಇಲ್ಲ. ಈ ನಕಾಶೆಗಳನ್ನು ಈಗ ಕಂದಾಯ ಇಲಾಖೆಯ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಮೊಬೈಲಿನಲ್ಲಿ ದಿಶಾಂಕ್ ಎಂಬ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ 20 ವರ್ಷ ಅಡ್ಡಿಯಿಲ್ಲದೆ ಜನ ಓಡಾಡಿದ ಹಾದಿ ಸಾರ್ವಜನಿಕ ದಾರಿಯಾಗಬಹುದು. ಇನ್ನೊಬ್ಬರ ಜಮೀನಿನ ಮೇಲೆ ಹಾಯುವಂಥ ಹಕ್ಕುಗಳ ಕುರಿತ ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯೂ ಅದೇ 20 ವರ್ಷದ ಲೆಕ್ಕ ಹೇಳುತ್ತದೆ, ಆದರೆ ಈ ಕಾಯ್ದೆಯಲ್ಲಿ ಅದು ಒಂದು ಜಮೀನಿನ ಹಕ್ಕು, ಒಬ್ಬ ರೈತ ಕೋರ್ಟಿನಲ್ಲಿ ಒಬ್ಬನೇ ಸಾಧಿಸಬೇಕಾದದ್ದು.

ವ್ಯತ್ಯಾಸ ಇರುವುದು ಇಲ್ಲೇ ಎಂದು ನನಗೆ ಮನವರಿಕೆಯಾಗಿದೆ. ವೈಲಿ ಕಣಿವೆಯ ದಾರಿಗೆ ಸಾವಿರ ಜನ ವಾರಸುದಾರರು, ಅವರಲ್ಲಿ ಹೆಚ್ಚಿನವರಿಗೆ ಅಲ್ಲಿ ಜಮೀನಿಲ್ಲ. ದಾರಿಗೆ ಅಡ್ಡಲಾಗಿ ಯಾರಾದರೂ ಬೇಲಿ ಹಾಕಿದರೆ ನಡಿಗೆಯವರು, ಕುದುರೆಯವರು, ಸೈಕಲ್ಲಿನವರು ಕೌನ್ಸಿಲ್ಲಿಗೆ ದೂರು ಕೊಡುತ್ತಾರೆ. ನಮ್ಮ ಬಂಡಿ ದಾರಿಗೆ ವಾರಸುದಾರರು ಅದರ ತುದಿಯ ಎರಡು ಮೂರು ಮನೆಯವರು ಮಾತ್ರ. ಆದ್ದರಿಂದ ಒತ್ತುವರಿ ಊರಿನ ವಿಷಯವಾಗದೆ ಎರಡು ಮನೆಗಳ ಜಗಳವಾಗಿ ಮುಗಿಯುತ್ತದೆ. ಎತ್ತಿನ ಗಾಡಿ ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ನಡೆಯುವವರೂ ಕಡಿಮೆಯಾದರು.

ಬೆಂಗಳೂರು, ಮೈಸೂರಿನ ಸೈಕಲ್ ಸವಾರರು ವಾರಾಂತ್ಯದಲ್ಲಿ ಹೆದ್ದಾರಿಯ ಅಂಚು ಹಿಡಿದು ಪ್ರಾಣಭಯದಲ್ಲಿ ಓಡಿಸುವುದನ್ನು ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಮಂಡ್ಯ ಸೀಮೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿಗಳಿವೆ, ಅವುಗಳಿಂದ ಕವಲೊಡೆಯುವ ನಕಾಶೆ ದಾರಿಗಳಿವೆ, ಶಿಂಷಾ ದಡವಿದೆ. ಗ್ರಾವೆಲ್ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ನೆಲ ಬೇಕೇ? ಏರಿಗಳಿಗೆ ಎಷ್ಟೋ ಕಡೆ ತಡೆಗೋಡೆ ಇಲ್ಲ, ಅಲ್ಲಿ ಎಚ್ಚರ ಬೇಕೇ ಬೇಕು. ಆದರೆ ಹೊರಗಿನವರು ವಾರವಾರ ಹಾಯುವ ದಾರಿಯನ್ನು ಗೇಣು ಗೇಣಾಗಿ ನುಂಗುವುದು ಸುಲಭವಲ್ಲ. ಆ ಕೊನೆಯ ಗದ್ದೆಯವರ ಪರವಾಗಿ ಸಾಕ್ಷಿ ಹೇಳಲು ಆಗ ಜನ ಇರುತ್ತಾರೆ.

ಈ ಸಲ ಊರಿಗೆ ಹೋದಾಗ ಗ್ರಾಮಸಭೆಯಲ್ಲಿ ಒಂದೇ ಒಂದು ಬೇಡಿಕೆ ಇಡುವವನಿದ್ದೇನೆ: ನಮ್ಮ ಗ್ರಾಮ ನಕಾಶೆಯನ್ನು ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಬೇಕು, ಚುಕ್ಕೆ ಸಾಲುಗಳನ್ನು ಕೆಂಪು ಬಣ್ಣದಲ್ಲಿ. ಬಣ್ಣದ ಖರ್ಚು ನನ್ನದು.