ಕುಂತು ಹುಲ್ಲು ಕೊಯ್ಯುವ ಸುಖ

ಶನಿವಾರ ಬೆಳಿಗ್ಗೆ ಹಿತ್ತಲಿನ ಹುಲ್ಲು ಕತ್ತರಿಸಿ ಯಂತ್ರದಿಂದ ಇಳಿದವನು, ನಡು ಹಿಡಿದುಕೊಂಡೇ ಫೋನು ಎತ್ತಿದೆ. ಹಾವೇರಿ ಕಡೆಯಿಂದ ಅವ್ವ. ಅಲ್ಲಿ ಆಗಲೇ ದೀಪ ಹಚ್ಚುವ ಹೊತ್ತು. "ಯಾಕೋ ಮಾರಿ ಹಂಗ ಕಿವುಚೀದಿ?" ಅಂದಳು. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದಳು: "ಕುಂತು ಹುಲ್ಲು ಕೊಯ್ಯಾಕೂ ನಡಾ ನೋಯ್ತದೇನೋ ಯಪ್ಪಾ?"

ಉತ್ತರ ಇರಲಿಲ್ಲ. ಬದುವಿನ ಗುಂಟ ಕುಕ್ಕರಗಾಲಲ್ಲಿ ಕುಡಗೋಲು ಆಡಿಸಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು ಎಮ್ಮೆಗೆ ಹಾಕಿದವಳು ಅವಳು. ನಡು ನೋಯುತ್ತದೆ ಅಂದದ್ದು ನನಗೆ ನೆನಪಿಲ್ಲ. ಅಂದಿದ್ದರೂ ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಆಗ ಮನೆಯಲ್ಲಿ ಯಾರಿಗೂ ಇರಲಿಲ್ಲ ಅನ್ನುವುದು ಬೇರೆ ಮಾತು.

ನಾವಿರುವುದು ಅಮೆರಿಕದ ಉತ್ತರ ಕೆರೊಲಿನಾದಲ್ಲಿ, ರಾಲಿ ಊರಿನ ಹೊರಗೆ. ಮಣ್ಣು ಕೆಂಪು, ಮಳೆ ಬಿದ್ದರೆ ಬೂಟಿಗೆ ಅಂಟಿಕೊಳ್ಳುವ ಜಿಗುಟು ಜೇಡಿ. ಮನೆಯ ಸುತ್ತ ಮೂವತ್ತು ಗುಂಟೆಯಷ್ಟು ಫೆಸ್ಕ್ಯೂ ಹುಲ್ಲು. ದನ ತಿನ್ನಲಿ ಅಂತಲ್ಲ, ಎದುರು ಮನೆಯವರು ನೋಡಲಿ ಅಂತ. ಅದನ್ನು ಮೂರೂವರೆ ಇಂಚಿಗೆ ಇಳಿಸಿ ಇಟ್ಟುಕೊಳ್ಳುವುದಕ್ಕಾಗಿ ತಂದದ್ದೇ ಈ ಝೀರೋ ಟರ್ನ್ ಮೋವರ್.

ನೋಡದವರಿಗೆ ಹೇಳುತ್ತೇನೆ. ಇದಕ್ಕೆ ಸ್ಟಿಯರಿಂಗ್ ಚಕ್ರ ಇಲ್ಲ. ತೊಡೆಯ ಮೇಲೆ ಬಂದು ನಿಲ್ಲುವ ಎರಡು ಹಿಡಿಕೆಗಳಿವೆ. ಬಲಗೈಯದು ಹಿಂದಿನ ಬಲಗಾಲಿಗೆ, ಎಡಗೈಯದು ಎಡಗಾಲಿಗೆ. ಒಂದೊಂದಕ್ಕೂ ಪ್ರತ್ಯೇಕ ಹೈಡ್ರಾಲಿಕ್ ಪಂಪು. ಒಂದನ್ನು ಮುಂದೆ ತಳ್ಳಿ ಇನ್ನೊಂದನ್ನು ಹಿಂದೆ ಎಳೆದರೆ ಗಾಡಿ ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತದೆ. ಮುಂದಿನ ಎರಡು ಗಾಲಿಗಳಿಗೆ ಸ್ವಂತ ಬುದ್ಧಿ ಇಲ್ಲ. ಆಫೀಸಿನ ಕುರ್ಚಿಯ ಗಾಲಿಗಳ ಹಾಗೆ ಎಳೆದತ್ತ ತಿರುಗುತ್ತವೆ. ಎಡಗಾಲಿ, ಬಲಗಾಲಿಗೆ ಒಂದೊಂದು ಹಿಡಿಕೆ ಕೊಡುವ ಈ ಉಪಾಯ 1960ರ ದಶಕದಲ್ಲಿ ಕ್ಯಾನ್ಸಸ್ ರಾಜ್ಯದ ಹೆಸ್ಟನ್ ಎಂಬ ಸಣ್ಣ ಊರಿನಲ್ಲಿ ಬೆಳೆಯಿತು. ಕ್ಯಾನ್ಸಸ್ ಅಂದರೆ ತಟ್ಟೆಯಂಥ ಬಯಲು. ನಮ್ಮದು ಏರು, ತಗ್ಗು, ಪೈನ್ ಮರದ ಬೇರು, ನೆಲದಡಿ ಸುರಂಗ ಕೊರೆಯುವ ಮೋಲ್‌ಗಳು, ಕೆಂಜಿಗವನ್ನೂ ನಾಚಿಸುವ ಬೆಂಕಿ ಇರುವೆಗಳ ಗುಪ್ಪೆಗಳು ಇರುವ ಜಾಗ. ಬಯಲುಸೀಮೆಯಲ್ಲಿ ಹುಟ್ಟಿದ್ದನ್ನು ಮಲೆನಾಡಿನ ಮನೆಗೆ ಕೊಟ್ಟು ಮದುವೆ ಮಾಡಿದ ಹಾಗೆ.

ಕಾರಿಗೆ ಇರುವಂಥ ಸ್ಪ್ರಿಂಗು ಇದಕ್ಕಿಲ್ಲ. ದುಬಾರಿ ಮಾದರಿಗಳಿಗೆ ಇದೆ, ನನ್ನದು ಆ ಜಾತಿಯದಲ್ಲ. ಕಬ್ಬಿಣದ ಚೌಕಟ್ಟು, ಅದಕ್ಕೆ ಬೋಲ್ಟು ಹಾಕಿ ಕೂರಿಸಿದ ಸೀಟು, ಸೀಟಿಗೆ ಕೂರಿಸಿದ ನಾನು. ಮುಂದಿನ ಪುಟ್ಟ ಗಾಲಿ ಒಂದು ತಗ್ಗಿಗೆ ಇಳಿದರೆ ಆ ಸುದ್ದಿ ನೇರ ನನ್ನ ಬೆನ್ನುಹುರಿಗೆ ತಲುಪುತ್ತದೆ. ಅದಕ್ಕಿಂತ ಕೆಟ್ಟದ್ದು ಕೈಯ ಕಥೆ. ಕುಲುಕಿದಾಗ ಕೈ ಅಲ್ಲಾಡುತ್ತದೆ, ಕೈಯಲ್ಲಿರುವುದೇ ಗಾಡಿಯ ಲಗಾಮು. ಅಲ್ಲಾಡಿದ ಕೈಯನ್ನು ಗಾಡಿ ಆಜ್ಞೆ ಅಂತ ತಿಳಿದು ಜಗ್ಗುತ್ತದೆ. ಜಗ್ಗಿದ್ದಕ್ಕೆ ನಾನು ಮತ್ತೆ ವಾಲುತ್ತೇನೆ, ಅದು ಮತ್ತೆ ಜಗ್ಗುತ್ತದೆ. ಹೊರಗಿನಿಂದ ನೋಡುವವರಿಗೆ ನಾವಿಬ್ಬರೂ ಯಾವುದೋ ವಿಷಯಕ್ಕೆ ಜೋರಾಗಿ ವಾದ ಮಾಡುತ್ತಿರುವಂತೆ ಕಾಣುತ್ತದೆಯಂತೆ. ಮನೆಯಾಕೆಯ ಮಾತು.

ಇನ್ನೊಂದು ಅವಮಾನವಿದೆ. ಸೀಟಿನ ಕೆಳಗೆ ಒಂದು ಸ್ವಿಚ್ಚು. ಬ್ಲೇಡು ತಿರುಗುವಾಗ ಸೀಟಿನ ಮೇಲೆ ಮನುಷ್ಯ ಇಲ್ಲದಿದ್ದರೆ ಎಂಜಿನ್ ನಿಲ್ಲಬೇಕು, ಬಿದ್ದವನ ಕಾಲು ಉಳಿಯಬೇಕು. ಒಳ್ಳೆಯ ಏರ್ಪಾಡು, ಅದನ್ನು ಕೆಡಿಸಿಕೊಳ್ಳುವವರು ಮೂರ್ಖರು. ಆದರೆ ನನ್ನ ತೂಕ ಅರವತ್ತೆರಡು ಕಿಲೋ. ಉಬ್ಬಿನ ಮೇಲೆ ಹಾದಾಗ ಅರೆ ಕ್ಷಣ ಗಾಳಿಯಲ್ಲಿ ಇರುತ್ತೇನೆ. ಅಷ್ಟರಲ್ಲಿ ಎಂಜಿನ್ ಒಮ್ಮೆ ಕೆಮ್ಮುತ್ತದೆ, ಸೀಟಿನ ಮೇಲೆ ಯಾರೂ ಇಲ್ಲ ಅಂದುಕೊಂಡು. ಇಷ್ಟು ವರ್ಷ ದುಡಿದು ಕೊಂಡ ಯಂತ್ರವೇ ನನ್ನನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹೇಗಾಗಬೇಡ?

ಸುಖದ ಬೇಟೆ ಶುರುವಾಯಿತು. ಜೆಲ್ ತುಂಬಿದ ದಿಂಬು ತರಿಸಿದೆ. ಜುಲೈ ಬಿಸಿಲಿಗೆ ಅದು ಕಾದ ಹೆಂಚಾಯಿತು. ಹಿಡಿಕೆಗಳಿಗೆ ದಪ್ಪ ಫೋಮ್ ಸುತ್ತಿದೆ. ಹಿಡಿಕೆಯ ಬುಡಕ್ಕೆ ಡ್ಯಾಂಪರ್ ಹಾಕಿಸಿದೆ; ಬಾಗಿಲು ದಡಾರನೆ ಬೀಳದಂತೆ ಮೆಲ್ಲಗೆ ಮುಚ್ಚಿಸುವ ಕೊಳವೆ ಇರುತ್ತದಲ್ಲ, ಅದರದೇ ತಮ್ಮ. ಇದು ಮಾತ್ರ ಕೊಟ್ಟ ಹಣಕ್ಕೆ ಮೋಸ ಮಾಡಲಿಲ್ಲ, ಆ ವಾದ ಅರ್ಧಕ್ಕರ್ಧ ನಿಂತಿತು. ಕೊನೆಗೆ ಎದೆ ಗಟ್ಟಿ ಮಾಡಿಕೊಂಡು ಸಸ್ಪೆನ್ಷನ್ ಸೀಟು ಕೊಂಡೆ. ಎತ್ತರದ ಬೆನ್ನು, ತೋಳಿಡಲು ಮೆತ್ತನೆಯ ಆಸರೆ, ಅಡಿಯಲ್ಲಿ ಸ್ಪ್ರಿಂಗು. ಬೆಲೆಯನ್ನು ಅವ್ವನಿಗೆ ಹೇಳಿಲ್ಲ. ಒಂದು ಒಳ್ಳೆಯ ಎಮ್ಮೆ ಬರುತ್ತಿತ್ತು. ಹತ್ತಿ ಕೂತೆ. ರಾಜನ ಹಾಗೆ ಅನಿಸಿತು. ಹೊರಟೆ. ಮೊದಲಿನಂತೆಯೇ ಕುಲುಕಿತು.

ಆ ಬೇಸಿಗೆಗೆ ಅಪ್ಪ, ಅವ್ವ ಬಂದರು. ಅವ್ವನ ಪೆಟ್ಟಿಗೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿಗಳ ನಡುವೆ ಮಡಚಿಟ್ಟ ಕೌದಿ. ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ ಸೇರಿಸಿ ಹೊಲಿದದ್ದು. "ಆ ಗಾಡಿ ಮ್ಯಾಲೆ ಹಾಸ್ಕೊ," ಅಂದಳು. ಅಷ್ಟು ಬೆಲೆಯ ಸೀಟಿನ ಮೇಲೆ ಕೌದಿಯೇ ಅಂತ ಮನಸ್ಸಿಗೆ ಬಂದರೂ ಹಾಸಿದೆ. ದಿಂಬಿಗಿಂತ ತಂಪಾಗಿತ್ತು. ಇದನ್ನು ಒಪ್ಪಿಕೊಳ್ಳಲೇಬೇಕು.

ಅಪ್ಪ ಎರಡು ಶನಿವಾರ ಮೆಟ್ಟಿಲ ಮೇಲೆ ಕೂತು ಸುಮ್ಮನೆ ನೋಡಿದರು. ಚಕ್ಕಡಿ ಹೊಡೆದೇ ಬೆನ್ನು ಗಟ್ಟಿ ಮಾಡಿಕೊಂಡವರು. ಮೂರನೆಯ ಶನಿವಾರ ಎದ್ದು ಬಂದು ಹಿಂದಿನ ಟಾಯರಿಗೆ ಹೆಬ್ಬೆರಳು ಒತ್ತಿದರು.

"ಇದರಾಗ ಗಾಳಿ ಎಷ್ಟ್ ತುಂಬೀಯೋ ತಮ್ಮಾ? ಕಲ್ಲಾಗೇತಿ."

"ನಾನು ತುಂಬಿಲ್ಲ, ಬಂದದ್ದೇ ಹಂಗ."

"ಬಂದದ್ದನ್ನ ನೋಡಲಿಲ್ಲೇನು?"

ಕೈಪಿಡಿ ತೆಗೆದೆ. ಕೊಂಡು ಮೂರು ವರ್ಷವಾದರೂ ಅದರ ಪ್ಲಾಸ್ಟಿಕ್ ಕವರು ಹರಿದಿರಲಿಲ್ಲ. ಒಳಗೆ ಬರೆದಿತ್ತು: ಸಾಗಣೆಗಾಗಿ ಟಾಯರುಗಳಲ್ಲಿ ಗಾಳಿ ಹೆಚ್ಚು ತುಂಬಿರಬಹುದು, ಬಳಸುವ ಮೊದಲು ಇಳಿಸಿ. ನನ್ನ ಗಾಡಿಯ ಹಿಂದಿನ ಗಾಲಿಗೆ ಬೇಕಾದದ್ದು 10 ಪಿಎಸ್‌ಐ. ಅಳೆದರೆ 22. ಸ್ಪ್ರಿಂಗ್ ಇಲ್ಲದ ಗಾಡಿಗೆ ಟಾಯರಿನ ಗಾಳಿಯೇ ಸ್ಪ್ರಿಂಗು, ಮೂರು ವರ್ಷ ನಾನು ಅದನ್ನು ಬಿಗಿಹಿಡಿದು ಕೂತಿದ್ದೆ. ವಾಲ್ವಿನ ಮೂಗು ಒತ್ತಿ ಹಿಡಿದೆ. ಉಸ್ಸೆಂದು ಹೋದ ಗಾಳಿಯ ಜೊತೆ ಒಂದು ಎಮ್ಮೆಯೂ ಹೋದ ಹಾಗೆ ಕೇಳಿಸಿತು. ಎರಡೂ ಕಡೆ ಸಮ ಇಳಿಸಬೇಕು; ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆಯಾದರೆ ಬ್ಲೇಡು ವಾಲಿ, ಹುಲ್ಲು ಕಲಿಯುವ ಕ್ಷೌರಿಕನ ಕೈಗೆ ಸಿಕ್ಕ ತಲೆಯ ಹಾಗಾಗುತ್ತದೆ.

ಕೈಪಿಡಿ ತೆರೆದಾಗಿತ್ತಲ್ಲ, ಸೀಟಿನದ್ದನ್ನೂ ತೆರೆದೆ. ಸೀಟಿನ ಮುಂದೆ ಒಂದು ತಿರುಪು ಇದೆ, ಕೂರುವವನ ತೂಕಕ್ಕೆ ತಕ್ಕಂತೆ ಸ್ಪ್ರಿಂಗನ್ನು ಸಡಿಲಿಸಲು. ಅದು ಬಂದದ್ದು ತೊಂಬತ್ತು ಕಿಲೋ ದಾಟಿದ ಮನುಷ್ಯನಿಗೆ ಹೊಂದಿಸಿಕೊಂಡು. ನಾನು ಕೂತರೆ ಸ್ಪ್ರಿಂಗಿಗೆ ಸೊಳ್ಳೆ ಕೂತಂತೆ. ತಿರುಪು ಸಡಿಲಿಸಿದೆ. ಸೀಟು ಮೊದಲ ಬಾರಿಗೆ ನನ್ನನ್ನು ಗಮನಿಸಿ ಎರಡು ಇಂಚು ಕೆಳಗಿಳಿಯಿತು.

ಇಷ್ಟಾದರೂ ಅಪ್ಪನಿಗೆ ಸಮಾಧಾನವಿಲ್ಲ. "ಹೊಲಕ್ಕ ಕೊರಡು ಹೊಡೀಲಾರದ ಎತ್ತಿಗೆ ಬೈದ್ರ ಹೆಂಗ?" ಅಂತ ಹೊರಟರು. ನೆಲ ಸಮ ಮಾಡುವ ಆ ಕೊರಡು ಇಲ್ಲಿ ಎಲ್ಲಿಂದ ತರಲಿ? ಮರಳು, ಮಣ್ಣು, ಕಾಂಪೋಸ್ಟು ಕಲಸಿ ಕೈಬಂಡಿಯಲ್ಲಿ ತುಂಬಿದೆವು. ತಗ್ಗಿದ್ದಲ್ಲಿ ಒಮ್ಮೆಗೆ ಅರ್ಧ ಇಂಚು ಮಾತ್ರ ಹರಡಬೇಕು, ಇಲ್ಲವಾದರೆ ಕೆಳಗಿನ ಹುಲ್ಲು ಉಸಿರುಗಟ್ಟುತ್ತದೆ. ಹುಲ್ಲು ಮೇಲೆ ಬಂದ ಮೇಲೆ ಮತ್ತೆ ಅರ್ಧ ಇಂಚು. ಅಪ್ಪ ಕೋಲಿನಿಂದ ನೆಲ ಕುಟ್ಟುತ್ತಾ ಮೋಲ್‌ನ ಸುರಂಗಗಳನ್ನು ಹುಡುಕಿ, ಹಿಮ್ಮಡಿಯಿಂದ ತುಳಿದು ಕೂರಿಸುತ್ತಾ ಹೋದರು. ಬೆಂಕಿ ಇರುವೆಯ ಗುಪ್ಪೆಯೊಂದನ್ನೂ ತುಳಿದರು. ಆ ದಿನ ಅವರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ.

ನಾನೂ ಸ್ವಲ್ಪ ಬದಲಾದೆ. ಗಾಡಿ ಗಂಟೆಗೆ ಏಳು ಮೈಲಿ ಓಡುತ್ತದೆ ಅಂತ ಓಡಿಸುತ್ತಿದ್ದವನು ನಾಲ್ಕಕ್ಕೆ ಇಳಿದೆ. ಹದಿನೈದು ನಿಮಿಷ ಹೆಚ್ಚು ಹಿಡಿಯುತ್ತದೆ. ಆ ಹದಿನೈದು ನಿಮಿಷ ಉಳಿಸಿ ಇಷ್ಟು ದಿನ ಮಾಡುತ್ತಿದ್ದದ್ದು ಸೋಫಾದ ಮೇಲೆ ಬಿಸಿನೀರಿನ ಚೀಲ ಬೆನ್ನಿಗೆ ಇಟ್ಟುಕೊಂಡು ಮಲಗುವುದು.

ಅಪ್ಪನಿಗೆ ಒಮ್ಮೆ ಹತ್ತಬೇಕೆನಿಸಿತು. ಬ್ಲೇಡು ಬಂದ್ ಮಾಡಿ, ಸಮತಟ್ಟು ಜಾಗದಲ್ಲಿ ಕೂರಿಸಿದೆ. ಎರಡೂ ಹಿಡಿಕೆ ತಳ್ಳಿ ಹತ್ತು ಮಾರು ಹೋದರು, ತಿರುಗಲು ಹೋಗಿ ನಿಂತಲ್ಲೇ ಮೂರು ಸುತ್ತು ಹಾಕಿದರು, ಇಳಿದರು. "ಎತ್ತಿಗೆ ಹಿಂಗ ತಿರುಗಂದ್ರ ನಮಗ ತಿರುಗಿ ಹಾಯ್ತಿತ್ತು," ಅಂದದ್ದು ಬಿಟ್ಟರೆ ಓಡಿಸುವ ಮಾತು ಮತ್ತೆ ಎತ್ತಲಿಲ್ಲ.

ಆದರೆ ಸಂಜೆ ನೋಡಿದರೆ ಅವರು ಗ್ಯಾರೇಜಿನಲ್ಲಿ. ಬಾಗಿಲು ಅರ್ಧ ಎತ್ತಿ, ನಿಂತ ಮೋವರಿನ ಮೇಲೆ ಕೌದಿ ಹಾಸಿ, ತೋಳುಗಳನ್ನು ಆಸರೆಗೆ ಚೆಲ್ಲಿ, ಚಹಾ ಕುಡಿಯುತ್ತಾ ಬೀದಿ ನೋಡುತ್ತಿದ್ದರು. ಮನೆಯಲ್ಲಿ ಅಷ್ಟು ಸೋಫಾ ಇವೆಯಲ್ಲ ಅಂದೆ. "ಅವು ಮೈ ನುಂಗ್ತಾವು. ಇದು ಹಿಡೀತೈತಿ," ಅಂದರು. ಮರುದಿನವೂ ಅಲ್ಲೇ, ಅದರ ಮರುದಿನವೂ ಅಲ್ಲೇ. ವಾರ ಕಳೆದ ಮೇಲೆ ಕರೆದು ತಿರುಪು ತೋರಿಸಿದರು.

"ಇದು ನಿನ್ನ ತೂಕಕ್ಕೈತಿ. ನನಗ ಇನ್ನಷ್ಟು ಸಡ್ಲ ಮಾಡಿಕೊಡು."

ಅಪ್ಪನದು ಐವತ್ತಾರು ಕಿಲೋ. ಅವರು ಊರಿಗೆ ಹೊರಡುವವರೆಗೆ ಪ್ರತಿ ಶನಿವಾರ ಬೆಳಿಗ್ಗೆ ಮೊದಲ ಕೆಲಸ ಆ ತಿರುಪನ್ನು ಒಂದು ಸುತ್ತು ಬಿಗಿ ಮಾಡುವುದು, ಹುಲ್ಲು ಮುಗಿದ ಮೇಲೆ ಕೊನೆಯ ಕೆಲಸ ಒಂದು ಸುತ್ತು ಸಡಿಲಿಸುವುದು.